ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಎನ್‌ಎಫ್‌ಎಸ್ ಕೈಕೊಟ್ಟಾಗ

(ಕಾಲೇಜೊಂದರ ಕಂಪ್ಯೂಟರ್ ವಿಭಾಗದಲ್ಲಿ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತೇನೆ. "ಎನ್‌ಎಫ್‌ಎಸ್ ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್." ಸರ್ವರ್ ಉತ್ತರ ಕೊಡುತ್ತಿಲ್ಲ, ನಾನಿನ್ನೂ ಕೇಳುತ್ತಲೇ ಇದ್ದೇನೆ ಅಂತ. ಎನ್‌ಎಫ್‌ಎಸ್ ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್, ಸರ್ವರ್ ಮೇಲಿನ ಫೈಲುಗಳನ್ನು ಬೇರೆ ಮಷಿನ್‌ಗಳು ತಮ್ಮದೇ ಅನ್ನುವ ಹಾಗೆ ಬಳಸುವ ವ್ಯವಸ್ಥೆ. ಯುನಿಕ್ಸ್ ಮಷಿನ್‌ಗಳ ನಡುವೆ ಫೈಲು ಹಂಚಿಕೊಂಡು ಕೆಲಸ ಮಾಡಿದವರು ಇದನ್ನು ಒಂದಲ್ಲ ಒಂದು ದಿನ ನೋಡಿಯೇ ಇರುತ್ತಾರೆ.

ಈ ಸಾಲನ್ನು ಬರೆಯೋದು ಯಾರು? ಸರ್ವರ್ ಅಲ್ಲ. ನಿಮ್ಮ ಎದುರಿಗಿರುವ ಮಷಿನ್. ಅದಕ್ಕೆ ಗೊತ್ತಿರೋದು ಇಷ್ಟೇ: ಕೇಳಿದೆ, ಉತ್ತರ ಬರಲಿಲ್ಲ. ಕೇಳಿದ್ದು ಸರ್ವರ್‌ಗೆ ಮುಟ್ಟಿತಾ, ಅದು ಕೊಟ್ಟ ಉತ್ತರ ದಾರಿಯಲ್ಲಿ ಕಳೆದುಹೋಯಿತಾ, ಅದಕ್ಕೇನೂ ಗೊತ್ತಿಲ್ಲ. ಆದರೆ ಸಾಲಿನಲ್ಲಿ ಹೆಸರು ಬರೋದು ಸರ್ವರ್‌ದು. ಹೆಸರು ಕೇಳಿದ ತಕ್ಷಣ ನಾವು ಓಡಿಹೋಗಿ ಸರ್ವರನ್ನು ರೀಬೂಟ್ ಮಾಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಹೀಗೆ ಬರೆ ಹಾಕಿದ್ದು ಒಂದು ದಿನ ಅಲ್ಲ, ಪೂರ್ತಿ ಒಂದು ವಾರ. ಇವತ್ತು ಮುಖ್ಯವಾಗಿ ಆ ವಾರದ ಕಥೆ ಹೇಳುತ್ತೇನೆ.

ಅದಕ್ಕೆ ಮುಂಚೆ ಎನ್‌ಎಫ್‌ಎಸ್ ಯಾಕೆ ಹೀಗೆ ಅಂತ ಎರಡು ಮಾತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಇದನ್ನು ಮಾಡಿದಾಗ ಒಂದು ಗಟ್ಟಿ ತೀರ್ಮಾನ ತೆಗೆದುಕೊಂಡರು: ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳಬಾರದು. ಮರೆವಿನ ಅಂಗಡಿಯವನ ಹಾಗೆ. ಹೋದ ಸಲ ಏನು ಕೊಟ್ಟೆ, ಯಾರಿಗೆ ಕೊಟ್ಟೆ, ನೆನಪಿಲ್ಲ. ಹಾಗಾಗಿ ಪ್ರತಿ ಸಲ ಪೂರ್ತಿ ಚೀಟಿ ಬರೆದುಕೊಡಬೇಕು: ಇಂಥ ಫೈಲು, ಇಂಥ ಜಾಗದಿಂದ, ಇಷ್ಟು ಬೈಟು. ಇದರಲ್ಲಿ ಒಂದು ಲಾಭ ಇದೆ. ಅಂಗಡಿ ಬಾಗಿಲು ಹಾಕಿ ಮತ್ತೆ ತೆಗೆದರೂ ಅದೇ ಚೀಟಿ ನಡೆಯುತ್ತದೆ. ಗಿರಾಕಿ ಬಾಗಿಲ ಮುಂದೆ ನಿಂತು ಚೀಟಿ ಚಾಚುತ್ತಾ ಇದ್ದರೆ ಸಾಕು. ಆ ನಿಂತುಕೊಳ್ಳುವುದೇ ನಮಗೆ ಕಾಣುವ ಹ್ಯಾಂಗು.

ಇನ್ನು ಕಥೆಗೆ ಬರೋಣ. 2001ರ ಸುಮಾರಿಗೆ, ಬೆಂಗಳೂರಿನ ಒಂದು ಚಿಪ್ ಡಿಸೈನ್ ಆಫೀಸು. ಹೆಸರು ಬೇಡ. ಒಂದು ದೊಡ್ಡ ಹಾಲು, ಅದರಲ್ಲಿ ಎರಡು ಸಾಲು ವರ್ಕ್‌ಸ್ಟೇಷನ್‌ಗಳು. ಕೆಲವು ಸೋಲಾರಿಸ್ (ಸನ್‌ನವರ ಯುನಿಕ್ಸ್), ಕೆಲವು ಲಿನಕ್ಸ್. ಎಲ್ಲರ ಹೋಮ್ ಡೈರೆಕ್ಟರಿಯೂ ಒಂದೇ ಸರ್ವರ್ ಮೇಲೆ. ಅದನ್ನು ಮೌಂಟ್ ಮಾಡುತ್ತಿದ್ದದ್ದು, ಅಂದರೆ ಪ್ರತಿ ಮಷಿನ್ನಿಗೂ ಜೋಡಿಸುತ್ತಿದ್ದದ್ದು, ಹಿಂದಿನವರು ಬಿಟ್ಟುಹೋದ ಒಂದು ಸ್ಕ್ರಿಪ್ಟು: ಎನ್‌ಎಫ್‌ಎಸ್ ವರ್ಷನ್ 2, ಯುಡಿಪಿ (ಮುಟ್ಟಿತಾ ಅಂತ ತಾನು ನೋಡದೆ ಪ್ಯಾಕೆಟ್ ಕಳಿಸಿಬಿಡುವ ಪದ್ಧತಿ), ಒಂದು ಸಲಕ್ಕೆ 8192 ಬೈಟು. ಕೆಲಸ ಮಾಡ್ತಾ ಇದೆಯಲ್ಲ, ಸುಮ್ನೆ ಯಾಕೆ ಕೈ ಹಾಕೋದು ಅಂತ ಯಾರೂ ಮುಟ್ಟಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಹಿರಿಯ ಡಿಸೈನರ್ ಒಬ್ಬರು ನನ್ನ ಟೇಬಲ್ ಹತ್ತಿರ ಬಂದರು. "ಏನ್ರೀ, ನಿಮ್ಮ ಸರ್ವರ್ ಮಲಗಿಬಿಡ್ತು" ಅಂದರು. ಹೋಗಿ ನೋಡಿದರೆ ಮೌಸ್ ಆಡುತ್ತಿದೆ, ಟರ್ಮಿನಲ್ ನಿಂತಿದೆ. ಅರ್ಧ ನಿಮಿಷಕ್ಕೆ "ಸರ್ವರ್ ಓಕೆ" ಅಂತ ಬಂತು, ಎಲ್ಲ ಸರಿಹೋಯಿತು. ಐದು ನಿಮಿಷಕ್ಕೆ ಮತ್ತೆ ನಿಂತಿತು. ಸರ್ವರ್ ರೂಮಿಗೆ ಹೋಗಿ ನೋಡಿದೆ. ಲೋಡ್ ಇಲ್ಲ, ಡಿಸ್ಕ್ ಆರಾಮಾಗಿದೆ. ಆದರೂ ರೀಬೂಟ್ ಮಾಡಿದೆ. ರೀಬೂಟ್ ಆಗೋ ಹತ್ತು ನಿಮಿಷ ಎಲ್ಲರೂ ಕಾಫಿಗೆ ಹೋದರು. ವಾಪಸ್ ಬಂದಾಗ ಟ್ರಾಫಿಕ್ ಇರಲಿಲ್ಲ, ಹಾಗಾಗಿ ಎಲ್ಲ ಚೆನ್ನಾಗಿಯೇ ಇತ್ತು. ನೋಡಿ, ರೀಬೂಟ್ ಮಾಡಿದ್ದಕ್ಕೇ ಸರಿಹೋಯಿತು ಅಂತ ನನಗೆ ನಂಬಿಕೆ ಬಂದುಬಿಟ್ಟಿತು.

ಮಂಗಳವಾರವೂ ಇದೇ ಕಥೆ. ಬುಧವಾರ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕರೆದೆ. ಅವರು ಪಿಂಗ್ ಹಾಕಿ, ಅಂದರೆ ಪ್ಯಾಕೆಟ್ ಕಳಿಸಿ ವಾಪಸ್ ಬರುತ್ತಾ ಅಂತ ನೋಡಿ, ತೋರಿಸಿದರು. ನೂರಕ್ಕೆ ನೂರು ವಾಪಸ್ ಬಂತು. "ನೋಡಿ ಸರ್, ನೆಟ್‌ವರ್ಕ್ ಕ್ಲೀನ್ ಇದೆ, ನಿಮ್ಮ ಸರ್ವರ್ ಹಳೇದಾಯ್ತು" ಅಂದರು. ಅಷ್ಟು ಹೊತ್ತಿಗೆ ಮ್ಯಾನೇಜರ್ ಹೊಸ ಸರ್ವರ್‌ಗೆ ಕೊಟೇಷನ್ ತರಿಸಲು ಹೇಳಿ ಆಗಿತ್ತು.

ಗುರುವಾರ ನಾನೊಂದು ದೊಡ್ಡ ತಪ್ಪು ಮಾಡಿದೆ. ಹ್ಯಾಂಗ್ ಆಗದ ಹಾಗೆ ಮಾಡಲು ಸಾಫ್ಟ್ ಮೌಂಟ್ ಮಾಡಿ ಅಂತ ಯಾರೋ ಹೇಳಿದರು. ಹಾರ್ಡ್ ಮೌಂಟ್ ಆದರೆ ಉತ್ತರ ಬರುವವರೆಗೂ ಕಾಯುತ್ತದೆ. ಸಾಫ್ಟ್ ಆದರೆ ಒಂದಷ್ಟು ಸಲ ಕೇಳಿ, ಆಗಲಿಲ್ಲ ಅಂತ ಪ್ರೋಗ್ರಾಮಿಗೆ ಎರರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಕೆಲವು ಮಷಿನ್‌ಗಳಿಗೆ ಸಾಫ್ಟ್ ಹಾಕಿದೆ. ಹ್ಯಾಂಗು ನಿಂತಿತು. ಅವತ್ತು ಸಂಜೆ ಖುಷಿಯಾಗಿ ಮನೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಒಬ್ಬ ಹುಡುಗಿ ಬಂದು, "ಸರ್, ರಾತ್ರಿ ಹಾಕಿದ ಸಿಮ್ಯುಲೇಷನ್ ಮುಗಿದಿದೆ, ಆದರೆ ಔಟ್‌ಪುಟ್ ಫೈಲ್ ಓದೋಕೆ ಆಗ್ತಿಲ್ಲ" ಅಂದಳು. ಫೈಲಿನ ಸೈಜು ಸರಿಯಾಗಿತ್ತು. ಒಳಗೆ ಏನಿದೆ ನೋಡೋಣ ಅಂತ ಓಡಿ ಅನ್ನುವ ಕಮಾಂಡ್ ಹಾಕಿದೆ. ಬೈಟುಗಳನ್ನು ಅಂಕಿಗಳಾಗಿ ತೋರಿಸುವ ಹಳೇ ಯುನಿಕ್ಸ್ ಕಮಾಂಡು ಅದು. ಒಂದೇ ತರದ ಸಾಲುಗಳು ಸಾಲಾಗಿ ಬಂದರೆ ಎಲ್ಲವನ್ನೂ ಬರೆಯದೆ ಒಂದು ನಕ್ಷತ್ರ ಹಾಕಿ ಮುಂದೆ ಹೋಗುತ್ತದೆ. ತೆರೆ ಸರಿಸುತ್ತಾ ಹೋದೆ. ಅಂಕಿ, ಅಂಕಿ, ಅಂಕಿ, ಆಮೇಲೆ 0260000 ಅನ್ನುವ ಜಾಗದಲ್ಲಿ ಬರೀ ಸೊನ್ನೆ. ಕೆಳಗೆ ಒಂದು ನಕ್ಷತ್ರ. ಅದರ ಕೆಳಗೆ 0300000, ಅಲ್ಲಿಂದ ಮತ್ತೆ ಸರಿಯಾದ ಅಂಕಿಗಳು.

ಓಡಿ ಜಾಗದ ಲೆಕ್ಕವನ್ನು ಎಂಟರ ಲೆಕ್ಕದಲ್ಲಿ ಬರೆಯುತ್ತದೆ. ಆ ಎರಡು ಸಂಖ್ಯೆಗಳ ಅಂತರ ಎಂಟರ ಲೆಕ್ಕದಲ್ಲಿ 20000. ನಮ್ಮ ಹತ್ತರ ಲೆಕ್ಕದಲ್ಲಿ ಸರಿಯಾಗಿ 8192. ಅಂದರೆ ಒಂದು ಬರಹದ ಚೀಟಿ, ಒಂದೇ ಒಂದು, ಕಳೆದುಹೋಗಿದೆ. ಎನ್‌ಎಫ್‌ಎಸ್ ಎರರ್ ಕೊಟ್ಟಿದೆ, ಆ ಸಿಮ್ಯುಲೇಷನ್ ಪ್ರೋಗ್ರಾಮು ಎರರ್ ಬಂತಾ ಅಂತ ನೋಡಿಯೇ ಇಲ್ಲ, ಮುಂದಿನ ತುಂಡು ಬರೆದುಕೊಂಡು ಹೋಗಿದೆ. ಮಧ್ಯೆ 8192 ಬೈಟಿನ ಹೊಂಡ. ನನಗೆ ಬೆವರು ಬಂತು. ಹ್ಯಾಂಗ್ ಆದರೆ ಬೈಗುಳ ಮಾತ್ರ, ಇದು ಡೇಟಾ ಹೋಗೋ ವಿಷಯ. ಎಲ್ಲ ಮಷಿನ್‌ಗಳನ್ನೂ ಅವತ್ತೇ ಹಾರ್ಡ್ ಮೌಂಟಿಗೆ ವಾಪಸ್ ತಂದೆ. ಬರೆಯುವ ಜಾಗಕ್ಕೆ ಸಾಫ್ಟ್ ಮೌಂಟ್ ಆ ಮೇಲೆ ನಾನು ಯಾವತ್ತೂ ಹಾಕಿಲ್ಲ.

ಆದರೆ ಆ ಹೊಂಡ ನನಗೆ ಉಪಕಾರವನ್ನೂ ಮಾಡಿತು. ಸರ್ವರ್ ನಿಧಾನ ಆಗಿದ್ದರೆ ಎಲ್ಲ ಚೀಟಿಗಳೂ ತಡವಾಗಬೇಕಿತ್ತು. ಅಕ್ಕಪಕ್ಕದವು ಸರಿಯಾಗಿ ಹೋಗಿ ಒಂದೇ ಒಂದು ಹೋಗಲಿಲ್ಲ ಅಂದರೆ ಯಾರೋ ದಾರಿಯಲ್ಲಿ ಕಿತ್ತುಕೊಳ್ಳುತ್ತಿದ್ದಾರೆ. ಅನುಮಾನ ಅಷ್ಟೇ, ಸಾಕ್ಷಿ ಬೇಕಲ್ಲ. ಆಗ, ಐದನೇ ದಿನ, ನಾನು ಮೊದಲ ದಿನವೇ ಹಾಕಬೇಕಿದ್ದ ಕಮಾಂಡ್ ಹಾಕಿದೆ: ಎನ್‌ಎಫ್‌ಎಸ್‌ಸ್ಟ್ಯಾಟ್ ಹೈಫನ್ ಸಿ. ಸೋಲಾರಿಸ್ ಕ್ಲೈಂಟಿನಲ್ಲಿ ಇದು ಕೆಲವು ಎಣಿಕೆ ಕೊಡುತ್ತದೆ. ಒಟ್ಟು ಎಷ್ಟು ಸಲ ಕೇಳಿದೆ. ಉತ್ತರ ಬಾರದೆ ಎಷ್ಟು ಸಲ ಮತ್ತೆ ಕೇಳಿದೆ, ಇದು ರೀಟ್ರಾನ್ಸ್. ಇನ್ನೊಂದು ಬ್ಯಾಡ್‌ಎಕ್ಸ್‌ಐಡಿ. ಒಂದೇ ಪ್ರಶ್ನೆಗೆ ಎರಡೆರಡು ಉತ್ತರ ಬಂದರೆ ಅದು ಏರುತ್ತದೆ.

ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಇವತ್ತು ಒಂದೇ ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಂಡು ಹೋಗಿ. ಸರ್ವರ್ ನಿಧಾನವಾಗಿದ್ದರೆ ಏನಾಗುತ್ತದೆ? ನಾನು ಕೇಳಿದೆ, ತಡವಾಯಿತು ಅಂತ ಮತ್ತೆ ಕೇಳಿದೆ. ಪಾಪ ಸರ್ವರ್ ಎರಡನ್ನೂ ತೆಗೆದುಕೊಂಡು ಎರಡಕ್ಕೂ ಉತ್ತರ ಕೊಡುತ್ತದೆ. ಎರಡನೇ ಉತ್ತರ ಯಾರಿಗೂ ಬೇಡ. ಹಾಗಾಗಿ ರೀಟ್ರಾನ್ಸ್ ಎಷ್ಟೋ ಬ್ಯಾಡ್‌ಎಕ್ಸ್‌ಐಡಿಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಚೀಟಿಯೇ ದಾರಿಯಲ್ಲಿ ಕಳೆದರೆ? ಒಂದೇ ಉತ್ತರ ಬರುತ್ತದೆ. ರೀಟ್ರಾನ್ಸ್ ಏರುತ್ತದೆ, ಬ್ಯಾಡ್‌ಎಕ್ಸ್‌ಐಡಿ ಸೊನ್ನೆಯ ಹತ್ತಿರವೇ ಇರುತ್ತದೆ. ನನ್ನ ತೆರೆಯ ಮೇಲೆ ಇದ್ದದ್ದು ಎರಡನೆಯದು. ಎಮ್ಮೆಗೆ ಜ್ವರ ಇರಲೇ ಇಲ್ಲ.

ಹಾಗಾದರೆ ಪಿಂಗ್ ಯಾಕೆ ಸರಿಯಾಗಿ ಬಂತು? ಬೋರ್ಡ್ ನೋಡಿ. ಈಥರ್ನೆಟ್ ಒಂದು ಪ್ಯಾಕೆಟ್ಟಿನಲ್ಲಿ 1500 ಬೈಟು ಒಯ್ಯುತ್ತದೆ. ಅದರಲ್ಲಿ ಐಪಿ ತಲೆಬರಹಕ್ಕೆ 20 ಹೋದರೆ ಉಳಿಯೋದು 1480. ನಮ್ಮ 8192 ಬೈಟಿನ ಬರಹ, ಜೊತೆಗೆ ಅದರ ಹಿಂದೆ ಮುಂದಿನ ವಿವರ ಸೇರಿದರೆ ಆರು ತುಂಡಾಗುತ್ತದೆ. ಒಂದು ಉದ್ದದ ಪತ್ರವನ್ನು ಆರು ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ. ಯುಡಿಪಿಯಲ್ಲಿ ಆರರಲ್ಲಿ ಒಂದು ಕಾರ್ಡ್ ಕಳೆದರೆ ಉಳಿದ ಐದನ್ನೂ ಬಿಸಾಡಬೇಕು. ಕಳೆದ ಕಾರ್ಡನ್ನು ಮಾತ್ರ ಮತ್ತೆ ಕಳಿಸು ಅನ್ನುವ ವ್ಯವಸ್ಥೆ ಇಲ್ಲ. ನೂರಕ್ಕೆ ಒಂದು ಕಾರ್ಡ್ ಕಳೆಯುತ್ತದೆ ಅಂದುಕೊಳ್ಳಿ. ಆರೂ ಮುಟ್ಟುವ ಸಂಭವ 0.99ರ ಆರನೇ ಘಾತ, ಸುಮಾರು 0.94. ಅಂದರೆ ನೂರಕ್ಕೆ ಆರು ಪತ್ರ ಹಾಳು.

ಹಾಳಾದರೆ ಏನಾಯ್ತು, ಮತ್ತೆ ಕಳಿಸಿದರಾಯ್ತು ಅನ್ನಬಹುದು. ಎಷ್ಟು ಹೊತ್ತು ಕಾದು ಕಳಿಸುತ್ತೆ ಅನ್ನೋದರಲ್ಲಿದೆ ಕಷ್ಟ. ಯುಡಿಪಿ ಮೇಲೆ ಆಗಿನ ಲಿನಕ್ಸ್ ಮೊದಲ ಸಲ 0.7 ಸೆಕೆಂಡ್ ಕಾಯುತ್ತಿತ್ತು. ಮತ್ತೂ ಕಳೆದರೆ ಅದರ ಎರಡರಷ್ಟು. 100 ಮೆಗಾಬಿಟ್ ತಂತಿಯ ಮೇಲೆ ಒಂದು ಚೀಟಿ ಹೋಗಲು ಬೇಕಾದ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ. 2 ಎಂಬಿ ಫೈಲಿಗೆ 256 ಚೀಟಿ. ಒಂದಾದ ಮೇಲೆ ಒಂದು ಹೋದರೂ ತಂತಿಯ ಮೇಲೆ ಕಾಲು ಸೆಕೆಂಡಿನ ಒಳಗೆ ಮುಗಿಯಬೇಕು. ಅದರಲ್ಲಿ ಹದಿನೈದು ಹಾಳಾದರೆ ಕಾಯೋದೇ ಹತ್ತು ಸೆಕೆಂಡ್. ನೂರಕ್ಕೆ ಒಂದು ಪ್ಯಾಕೆಟ್ ಹೋದದ್ದಕ್ಕೆ! ಅವರು ಹಾಕಿದ ಪಿಂಗ್ 64 ಬೈಟಿನದು. ಒಂದೇ ಪುಟ್ಟ ಕಾರ್ಡು, ಸೆಕೆಂಡಿಗೆ ಒಂದು, ಅದೂ ಖಾಲಿ ರಸ್ತೆಯಲ್ಲಿ. ಸೈಕಲ್ ಓಡಿಸಿ ಸೇತುವೆ ಗಟ್ಟಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು. ಲಾರಿ ಓಡಿಸಿ ನೋಡಬೇಕು. ಸೋಲಾರಿಸ್‌ನಲ್ಲಿ ಪಿಂಗ್ ಹೈಫನ್ ಎಸ್, ಸರ್ವರ್ ಹೆಸರು, ಆಮೇಲೆ 8192, ಆಮೇಲೆ ನೂರು. ಅದೂ ಮಧ್ಯಾಹ್ನ ಮೂರು ಗಂಟೆಗೆ, ಎಲ್ಲರೂ ಕೆಲಸದಲ್ಲಿದ್ದಾಗ.

ನನ್ನ ಟೇಬಲ್‌ನಿಂದ ಹಾಕಿದೆ. ನೂರಕ್ಕೆ ನೂರು ಬಂತು! ತಲೆ ಕೆಟ್ಟಿತು. ಆ ಹಿರಿಯ ಡಿಸೈನರ್ ಮಷಿನ್‌ನಿಂದ ಹಾಕಿದೆ. ಉದುರತೊಡಗಿತು. ಆಗ ಹೊಳೆಯಿತು. ಒಂದು ವಾರದಿಂದ ದೂರು ತಂದವರೆಲ್ಲ ಎರಡನೇ ಸಾಲಿನವರು. ಮೊದಲ ಸಾಲಿನವರು ಒಬ್ಬರೂ ಬಂದಿರಲಿಲ್ಲ. ಆದರೆ ಆಫೀಸಿನಲ್ಲಿ "ಎಲ್ಲರಿಗೂ ಸರ್ವರ್ ಹ್ಯಾಂಗ್" ಅಂತ ಸುದ್ದಿಯಾಗಿತ್ತು, ನಾನೂ ಹಾಗೇ ನಂಬಿದ್ದೆ. ಯಾರಿಗೆ ತೊಂದರೆ ಅಂತ ಕೇಳಿದ್ದೆನೇ ಹೊರತು ಯಾರಿಗೆ ಇಲ್ಲ ಅಂತ ಕೇಳಿರಲಿಲ್ಲ.

ಎರಡು ಸಾಲಿಗೂ ಇದ್ದ ವ್ಯತ್ಯಾಸ ಒಂದೇ. ಸರ್ವರ್ ಮತ್ತು ಮೊದಲ ಸಾಲು ಒಂದು ಸ್ವಿಚ್ಚಿನಲ್ಲಿ (ಮಷಿನ್‌ಗಳ ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಡಬ್ಬಿ), ಎರಡನೇ ಸಾಲು ಇನ್ನೊಂದರಲ್ಲಿ, ಎರಡರ ಮಧ್ಯೆ ಒಂದು 100 ಮೆಗಾಬಿಟ್ ಕೇಬಲ್. ವರ್ಕ್‌ಸ್ಟೇಷನ್‌ಗಳಲ್ಲಿ ನೆಟ್‌ಸ್ಟ್ಯಾಟ್ ಹೈಫನ್ ಐ ಹಾಕಿದರೆ ಎರರ್ ಸೊನ್ನೆ, ಯಾಕೆಂದರೆ ಅವುಗಳ ಸ್ವಂತ ಕೇಬಲ್ ಚೆನ್ನಾಗಿಯೇ ಇತ್ತು. ಸ್ವಿಚ್ಚಿಗೆ ಲಾಗಿನ್ ಆಗಿ ಆ ಮಧ್ಯದ ಪೋರ್ಟ್ ನೋಡಿದೆವು. ಒಂದು ತುದಿಯಲ್ಲಿ ಲೇಟ್ ಕೊಲಿಷನ್, ಅಂದರೆ ತಡವಾಗಿ ಆದ ಡಿಕ್ಕಿಗಳ ಎಣಿಕೆ, ಓಡುತ್ತಿದೆ. ಇನ್ನೊಂದು ತುದಿಯಲ್ಲಿ ಸಿಆರ್‌ಸಿ ಎರರ್, ಅಂದರೆ ಹಾಳಾಗಿ ಬಂದ ಪ್ಯಾಕೆಟ್‌ಗಳ ಎಣಿಕೆ, ಓಡುತ್ತಿದೆ. ಈ ಜೋಡಿ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದ್ದು ಡ್ಯುಪ್ಲೆಕ್ಸ್.

ಈಗಿನವರಿಗೆ ಇದು ಅಷ್ಟಾಗಿ ಸಿಗಲ್ಲ, ಆದರೂ ಹೇಳುತ್ತೇನೆ. ಫುಲ್ ಡ್ಯುಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಎರಡು ಲೇನ್ ರಸ್ತೆ. ಹಾಫ್ ಅಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಒಂದೇ ಲೇನ್ ಸೇತುವೆ. ಎರಡೂ ತುದಿ ತಾವೇ ಮಾತಾಡಿಕೊಂಡು ಯಾವುದು ಅಂತ ತೀರ್ಮಾನಿಸುವುದಕ್ಕೆ ಆಟೋ ನೆಗೋಷಿಯೇಷನ್ ಇದೆ. ಒಂದು ತುದಿಯಲ್ಲಿ ಕೈಯಾರೆ "100, ಫುಲ್" ಅಂತ ಬಿಗಿದು ಕೂರಿಸಿದರೆ ಅದು ಮಾತುಕತೆಗೇ ಬರಲ್ಲ. ಆಟೋ ಇರುವ ತುದಿ ಸಿಗ್ನಲ್ ನೋಡಿ ವೇಗ 100 ಅಂತ ಪತ್ತೆ ಮಾಡುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗಲ್ಲ. ಗೊತ್ತಾಗದಿದ್ದರೆ ಹಾಫ್ ಅಂದುಕೋ ಅಂತ ನಿಯಮ. ಈಗ ಒಬ್ಬ ಎರಡು ಲೇನ್ ಅಂತ ನುಗ್ಗುತ್ತಾನೆ, ಇನ್ನೊಬ್ಬ ಒಂದೇ ಲೇನ್ ಅಂದುಕೊಂಡು, ಎದುರಿಗೆ ಗಾಡಿ ಕಂಡ ತಕ್ಷಣ ಡಿಕ್ಕಿಯಾಯಿತು ಅಂತ ತನ್ನ ಪ್ಯಾಕೆಟ್ ಅರ್ಧಕ್ಕೇ ಕತ್ತರಿಸಿ ಬಿಸಾಡುತ್ತಾನೆ. ಟ್ರಾಫಿಕ್ ಕಮ್ಮಿ ಇದ್ದಾಗ ಇಬ್ಬರೂ ಎದುರಾಗೋದೇ ಇಲ್ಲ, ಎಲ್ಲ ಚೆನ್ನ. ಊಟ ಮುಗಿಸಿ ಬಂದು ಎಲ್ಲರೂ ಸಿಮ್ಯುಲೇಷನ್ ಶುರು ಮಾಡಿದಾಗ ಶುರುವಾಗೋದು ರಂಪ.

ಸರಿ, ಯಾಕೆ ಆ ಸೋಮವಾರವೇ? ಹಿಂದಿನ ಭಾನುವಾರ ಕರೆಂಟ್ ಹೋಗಿ ಬಂದಾಗ ಎರಡನೇ ಸಾಲಿನ ಸ್ವಿಚ್ ಸುಟ್ಟಿತ್ತು. ಅದೇ ಮಾಡೆಲ್ಲಿನ ಇನ್ನೊಂದನ್ನು ತಂದು ಕೂರಿಸಿದ್ದರು. ಹಳೆಯದರಲ್ಲಿ ಎರಡೂ ತುದಿ ಫುಲ್ ಅಂತ ಬಿಗಿದಿತ್ತು. ಹೊಸದು ಡಬ್ಬಿಯಿಂದ ಬರುವಾಗ ಆಟೋ. ಅಷ್ಟೇ ವಿಷಯ. ಎರಡೂ ಕಡೆ ಆಟೋ ಮಾಡಿದೆವು. ಆಮೇಲೆ ಆ ಹಳೇ ಸ್ಕ್ರಿಪ್ಟು ಬಿಸಾಡಿ, ಆಗುವ ಮಷಿನ್‌ಗಳನ್ನೆಲ್ಲ ವರ್ಷನ್ 3, ಟಿಸಿಪಿಗೆ ತಂದೆವು. ಟಿಸಿಪಿ ಕಳೆದ ತುಂಡನ್ನು ಮಾತ್ರ ಮತ್ತೆ ಕಳಿಸುತ್ತದೆ.

ಯುಡಿಪಿ ಬಗ್ಗೆ ಒಂದು ಹೆಚ್ಚಿನ ಮಾತು, ಯಾಕೆಂದರೆ "ನಮ್ಮ ನೆಟ್‌ವರ್ಕ್ ಗಿಗಾಬಿಟ್, ಏನೂ ಆಗಲ್ಲ" ಅನ್ನುವವರಿದ್ದಾರೆ. ವೇಗ ಜಾಸ್ತಿಯಾದಷ್ಟೂ ಅದು ಅಪಾಯ. ಆರು ಕಾರ್ಡುಗಳು ಒಂದೇ ಪತ್ರದವು ಅಂತ ಗುರುತಿಸಲು ಅವುಗಳ ಮೇಲೆ ಒಂದು ನಂಬರ್ ಇರುತ್ತದೆ. ಇರೋದೇ 65536 ನಂಬರು. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಹದಿನೈದು ಸಾವಿರದಷ್ಟು ಪತ್ರ ಹೋಗಬಹುದು, ಅಂದರೆ ನಾಲ್ಕೈದು ಸೆಕೆಂಡಿಗೆ ಹಳೇ ನಂಬರ್ ಮತ್ತೆ ಬರುತ್ತದೆ. ಆದರೆ ಒಂದು ಕಾರ್ಡ್ ಕಳೆದ ಹಳೇ ಪತ್ರವನ್ನು ಲಿನಕ್ಸ್ 30 ಸೆಕೆಂಡ್ ಇಟ್ಟುಕೊಂಡು ಕಾಯುತ್ತದೆ. ಹೊಸ ಪತ್ರದ ಕಾರ್ಡು ಹಳೇ ಪತ್ರದ ಖಾಲಿ ಜಾಗಕ್ಕೆ ಹೋಗಿ ಕೂತರೆ? ಬಹುತೇಕ ಸಲ ಚೆಕ್‌ಸಮ್ (ಡೇಟಾ ಸರಿಯಿದೆಯಾ ಅಂತ ತಾಳೆ ನೋಡುವ ಮೊತ್ತ) ಹಿಡಿಯುತ್ತದೆ. ಅದೂ 16 ಬಿಟ್ಟಿನದು, ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತದೆ. ಎರರ್ ಬರಲ್ಲ, ಹ್ಯಾಂಗ್ ಆಗಲ್ಲ, ಫೈಲಿನಲ್ಲಿ ಬೇರೆ ಯಾರದೋ ಡೇಟಾ. 2020ರಲ್ಲಿ ಬಂದ 5.6 ಕರ್ನಲ್‌ನಿಂದ ಲಿನಕ್ಸ್‌ನವರು ಎನ್‌ಎಫ್‌ಎಸ್‌ನಲ್ಲಿ ಯುಡಿಪಿಯನ್ನು ಮೊದಲೇ ಆಫ್ ಮಾಡಿ ಕೊಡುತ್ತಿದ್ದಾರೆ. ಒಳ್ಳೇದಾಯ್ತು.

ಇನ್ನು ನೀವು ಈಗ ನಿಜವಾಗಿ ಎದುರಿಸುವ ತೊಂದರೆಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. "ಸ್ಟೇಲ್ ಫೈಲ್ ಹ್ಯಾಂಡಲ್" ಅಂತ ಬರುತ್ತಲ್ಲ, ಅದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ವಿಷಯ. ನಿಮ್ಮ ಕೈಲಿರೋದು ಫೈಲಿನ ಹೆಸರಲ್ಲ, ಒಂದು ನಂಬರು. ಸರ್ವರ್ ಮೇಲೆ ಯಾರಾದರೂ ಡೈರೆಕ್ಟರಿ ಅಳಿಸಿ, ಬ್ಯಾಕಪ್‌ನಿಂದ ಅದೇ ಹೆಸರಲ್ಲಿ ವಾಪಸ್ ತಂದರೆ, ಹೆಸರು ಅದೇ, ಟೋಕನ್ ಬೇರೆ. ಆ ಡೈರೆಕ್ಟರಿಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಿ. ಆಗದಿದ್ದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ.

ಪರ್ಮಿಷನ್ ಎಡವಟ್ಟಾದರೆ ಯೂಸರ್ ನಂಬರ್ ನೋಡಿ. ಸಾಮಾನ್ಯ ಮೌಂಟಿನಲ್ಲಿ ತಂತಿಯ ಮೇಲೆ ಹೋಗೋದು ಹೆಸರಲ್ಲ, ನಂಬರ್. ಹಳೇ ರೆಡ್ ಹ್ಯಾಟ್ ಮೊದಲ ಯೂಸರ್‌ಗೆ 500 ಕೊಡುತ್ತಿತ್ತು, ಡೆಬಿಯನ್ 1000. ಎರಡೂ ಮಷಿನ್‌ನಲ್ಲಿ ನೀವೇ ಇದ್ದೀರಿ, ಸರ್ವರ್ ಪಾಲಿಗೆ ಇಬ್ಬರು.

ಯಾವ ಡೈರೆಕ್ಟರಿ ಯಾವ ಮಷಿನ್ನಿಗೆ ಅಂತ ಸರ್ವರ್ ಮೇಲೆ ಬರೆದಿಡುವ ಲಿನಕ್ಸ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಮಷಿನ್ ಹೆಸರಿಗೂ ಕಂಸಕ್ಕೂ ಮಧ್ಯೆ ಜಾಗ ಬಿಡಬೇಡಿ, ದಯವಿಟ್ಟು. ಅಂಟಿಸಿ ಬರೆದರೆ ಆ ಮಷಿನ್ನಿಗೆ ಬರೆಯುವ ಅನುಮತಿ. ಒಂದು ಸ್ಪೇಸ್ ಬಿಟ್ಟರೆ ಆ ಮಷಿನ್ನಿಗೆ ಓದಲು ಮಾತ್ರ, ಬರೆಯುವ ಅನುಮತಿ ಉಳಿದ ಜಗತ್ತಿಗೆಲ್ಲ. ಜನ ಆ ಮಷಿನ್ ಮುಂದೆ ಕೂತು "ಬರೆಯೋಕೆ ಆಗ್ತಿಲ್ಲ" ಅಂತ ಗೋಳಾಡುತ್ತಿರುತ್ತಾರೆ. ಜಗತ್ತು ಅವರ ಡಿಸ್ಕ್ ಮೇಲೆ ಆರಾಮಾಗಿ ಬರೆಯಬಹುದು.

ಕೊನೆಗೆ ಎರಡು ಪ್ರಶ್ನೆ ಬಂದವು. ಹಿಂದಿನ ಬೆಂಚಿನ ಹುಡುಗನೊಬ್ಬ, ಮೌಂಟ್ ಹ್ಯಾಂಗ್ ಆದಾಗ ಡಿಎಫ್ ಹಾಕಿದರೆ ಅದೂ ಹ್ಯಾಂಗ್ ಆಗುತ್ತಲ್ಲ ಸರ್, ಏನು ಮಾಡೋದು ಅಂತ ಕೇಳಿದ. ಡಿಎಫ್ ಅಂದರೆ ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅಂತ ಹೇಳುವ ಕಮಾಂಡು. ಅದು ಪ್ರತಿ ಮೌಂಟಿನ ಬಾಗಿಲೂ ತಟ್ಟುತ್ತದೆ, ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಪ್ರಾಕ್ ಒಳಗಿನ ಮೌಂಟ್ಸ್ ಫೈಲನ್ನು ಕ್ಯಾಟ್ ಮಾಡಿ, ಅದು ಯಾರನ್ನೂ ಕೇಳದೆ ಪಟ್ಟಿ ಕೊಡುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಕೊಡುವ ಪಿಎಸ್‌ನಲ್ಲಿ ಡಿ ಅಂತ ಕಾಣುವ ಪ್ರೋಸೆಸ್‌ಗಳೇ ಬಾಗಿಲ ಮುಂದೆ ನಿಂತವು. ಆಮೇಲೆ ಆರ್‌ಪಿಸಿಇನ್‌ಫೋ ಹೈಫನ್ ಪಿ ಹಾಕಿ, ಸರ್ವರ್ ಬಾಗಿಲಾದರೂ ತೆಗೆದಿದೆಯಾ ನೋಡಿ. ಸಂಖ್ಯೆಗಳನ್ನು ಬರೆದುಕೊಂಡು ಆಮೇಲೆ ರೀಬೂಟ್ ಯೋಚನೆ ಮಾಡಿ. ರೀಬೂಟ್ ಮಾಡಿದರೆ ಎಣಿಕೆಗಳೆಲ್ಲ ಸೊನ್ನೆ, ಸಾಕ್ಷಿ ಹೋಯ್ತು.

ಇನ್ನೊಬ್ಬರು ಮೇಡಂ, ಎಲ್ಲ ಸರಿಯಾದ ಮೇಲೆ ಆ ಹಿರಿಯ ಡಿಸೈನರ್ ಏನಂದರು ಅಂತ ನಗುತ್ತಾ ಕೇಳಿದರು. ಎರಡು ದಿನ ಏನೂ ಅನ್ನಲಿಲ್ಲ. ಮೂರನೇ ದಿನ ಮೂರು ಗಂಟೆಗೆ ನನ್ನ ಟೇಬಲ್ ಹತ್ತಿರ ಬಂದರು. "ಹೊಸ ಸರ್ವರ್ ಪರವಾಗಿಲ್ಲ ಕಣ್ರೀ, ಚೆನ್ನಾಗಿದೆ" ಅಂದರು. ನಾನು ಹೂಂ ಅಂದೆ.